ತಪ್ಪಿನ ಲೆಕ್ಕವೂ ಪ್ರೀತಿಯ ಮೌನವೂ

ಇನ್ನೊಬ್ಬರಿಗೆ ಅನ್ಯಾಯ ಮಾಡಿದವನು ತನ್ನ ತಪ್ಪನ್ನು ಅರಿತುಕೊಂಡ ಮೇಲೆ ಏನು ಮಾಡಬೇಕು? ಪಶ್ಚಾತ್ತಾಪಪಡಬೇಕು, ಆದ ನಷ್ಟವನ್ನು ತುಂಬಿಕೊಡಬೇಕು, ಮತ್ತೆ ಅಂಥ ಕೃತ್ಯಕ್ಕೆ ಕೈಹಾಕಬಾರದು. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಇದರಾಚೆಗೆ ಸೂಕ್ಷ್ಮವಾದ ಪ್ರಶ್ನೆಯೊಂದು ಉಳಿಯುತ್ತದೆ. ತಾನು ನೋಯಿಸಿದ ವ್ಯಕ್ತಿಯ ಸ್ನೇಹವನ್ನೂ ಪ್ರೀತಿಯನ್ನೂ ಬಯಸುವ ಅಧಿಕಾರ ಅವನಿಗೆ ಉಂಟೇ? ಅಂಥ ಬಯಕೆ ಮೂಡಿದಾಗ ಅದನ್ನು ಎದೆಯೊಳಗೇ ಅದುಮಿಡುವುದು ವಿನಯವೇ, ಅಥವಾ ಅಹಂಕಾರದ ಇನ್ನೊಂದು ರೂಪವೇ? ನೊಂದವರ ಕಡೆಯಿಂದಲೂ ಇದೇ ಪ್ರಶ್ನೆಯನ್ನು ಕೇಳಬಹುದು. ತನ್ನ ನೋವನ್ನು ನಗೆಯ ಮರೆಯಲ್ಲಿ ಅಡಗಿಸಿ, ತಾನೇ ಎಲ್ಲರ ಕ್ಷಮೆ ಕೇಳುತ್ತ ಬಾಳುವುದು ಸಹನೆಯೇ, ಅಥವಾ ತನಗೆ ತಾನೇ ಮಾಡಿಕೊಳ್ಳುವ ಹಿಂಸೆಯೇ?

ಈ ಪ್ರಶ್ನೆಗಳನ್ನು ಬಹು ಗಂಭೀರವಾಗಿ ಎತ್ತಿಕೊಂಡ ಕೃತಿಯೊಂದು ಜಪಾನಿನಲ್ಲಿದೆ. ಚಿತ್ರಗಳಿಗೆ ಚಲನೆಯನ್ನು ಕೊಟ್ಟು ಕಥೆ ಹೇಳುವ ಅಲ್ಲಿನ ಸಿನಿಮಾ ಪ್ರಕಾರಕ್ಕೆ ಅನಿಮೆ ಎಂದು ಹೆಸರು. ಅದು ಮಕ್ಕಳ ಮನರಂಜನೆಗೆ ಮಾತ್ರ ಮೀಸಲೆಂದು ತಿಳಿಯುವುದು ಸರಿಯಲ್ಲ. 2016ರಲ್ಲಿ ತೆರೆಕಂಡ 'ಕೋಯೆ ನೊ ಕತಾಚಿ' ಎಂಬ ಅನಿಮೆ ಚಿತ್ರವು ಇದಕ್ಕೆ ಒಳ್ಳೆಯ ನಿದರ್ಶನ. ಆ ಹೆಸರಿಗೆ 'ದನಿಯ ಆಕಾರ' ಎಂದು ಅರ್ಥ. ಯೊಶಿತೋಕಿ ಓಯಿಮಾ ಎಂಬ ಲೇಖಕಿ ಬರೆದ ಚಿತ್ರಕಥಾಮಾಲೆಯೊಂದು 2013 ಮತ್ತು 2014ರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 7 ಸಂಪುಟಗಳಲ್ಲಿ ಪ್ರಕಟವಾಯಿತು. ಅದನ್ನು ನಾವೋಕೋ ಯಮಾದಾ ಎಂಬ ನಿರ್ದೇಶಕಿ ಕ್ಯೋಟೋ ಅನಿಮೇಷನ್ ಸಂಸ್ಥೆಗಾಗಿ ಚಲನಚಿತ್ರವಾಗಿಸಿದರು. ಕಥೆ ನಡೆಯುವುದು ಗಿಫು ಪ್ರಾಂತದ ಓಗಾಕಿ ಎಂಬ ನಗರದಲ್ಲಿ. ಆ ಊರಿನ ಸೇತುವೆ, ನೀರಿನ ಕಾಲುವೆ, ಬೀದಿಗಳು ಚಿತ್ರದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಕಥೆಯ ಆರಂಭದಲ್ಲಿ ಶೋಯಾ ಇಶಿದಾ ಆರನೆಯ ತರಗತಿಯ ಚುರುಕು ಹುಡುಗ. ಅವನ ತರಗತಿಗೆ ಶೋಕೋ ನಿಶಿಮಿಯಾ ಎಂಬ ಹುಡುಗಿ ಹೊಸದಾಗಿ ಬಂದು ಸೇರುತ್ತಾಳೆ. ಅವಳಿಗೆ ಕಿವಿ ಕೇಳಿಸುವುದಿಲ್ಲ. ತನ್ನೊಡನೆ ಮಾತನಾಡಬಯಸುವವರು ಬರೆದು ತಿಳಿಸಲೆಂದು ಅವಳು ಒಂದು ನೋಟುಪುಸ್ತಕವನ್ನು ಮುಂದೆ ಹಿಡಿಯುತ್ತಾಳೆ. ಮೊದಮೊದಲು ಕುತೂಹಲದಿಂದ ಬರೆದ ಸಹಪಾಠಿಗಳಿಗೆ ಕೆಲವೇ ದಿನಗಳಲ್ಲಿ ಅದು ಹೊರೆಯೆನಿಸುತ್ತದೆ. ಆ ಅಸಮಾಧಾನಕ್ಕೆ ಕೈಯೂ ಬಾಯಿಯೂ ಆಗಿ ನಿಲ್ಲುವವನು ಶೋಯಾ. ಅವಳ ದನಿಯನ್ನು ಅಣಕಿಸುತ್ತಾನೆ. ಕಿವಿಗೆ ಹಾಕಿಕೊಂಡ ಶ್ರವಣ ಸಾಧನವನ್ನು ಕಿತ್ತು ಎಸೆಯುತ್ತಾನೆ. ಹಾಗೆ ಕಿತ್ತಾಗ ಅವಳ ಕಿವಿಯಿಂದ ರಕ್ತ ಸುರಿಯುತ್ತದೆ. ನೋಟುಪುಸ್ತಕವು ನೀರುಪಾಲಾಗುತ್ತದೆ. ಅವಳು ಎರಡು ಕೈಗಳನ್ನು ಒಂದಕ್ಕೊಂದು ಹೆಣೆದು ಸನ್ನೆಯ ಭಾಷೆಯಲ್ಲಿ 'ಸ್ನೇಹಿತರಾಗೋಣ' ಎಂದು ಸೂಚಿಸಿದಾಗ ಅವನಿಗೆ ಅದರ ಅರ್ಥ ತಿಳಿಯುವುದಿಲ್ಲ. ತಿಳಿದುಕೊಳ್ಳುವ ಮನಸ್ಸೂ ಅವನಿಗಿಲ್ಲ. ನೆಲದ ಮಣ್ಣನ್ನು ಬಾಚಿ ಅವಳ ಮೇಲೆ ಎಸೆಯುತ್ತಾನೆ.

ಐದು ತಿಂಗಳಲ್ಲಿ ಎಂಟು ಶ್ರವಣ ಸಾಧನಗಳು ಹಾಳಾದಾಗ ಶಾಲೆಯ ಮುಖ್ಯೋಪಾಧ್ಯಾಯರು ತರಗತಿಗೆ ಬರುತ್ತಾರೆ. ಅಧ್ಯಾಪಕರು ಎಲ್ಲರ ಎದುರಿಗೆ ಶೋಯಾನ ಹೆಸರನ್ನೇ ಹಿಡಿಯುತ್ತಾರೆ. ಅದುವರೆಗೆ ಅವನೊಡನೆ ನಕ್ಕವರು, ಗುಟ್ಟಾಗಿ ಹುರಿದುಂಬಿಸಿದವರು, ಕಂಡೂ ಕಾಣದಂತೆ ಇದ್ದವರು ಎಲ್ಲರೂ ಒಮ್ಮೆಲೇ ನಿರಪರಾಧಿಗಳಾಗಿಬಿಡುತ್ತಾರೆ. ಮರುದಿನದಿಂದ ಹಿಂಸೆಯ ಗುರಿ ಬದಲಾಗಿ, ಶೋಯಾನೇ ಬಹಿಷ್ಕೃತನಾಗುತ್ತಾನೆ. ಸಮೂಹವು ತನ್ನ ಪಾಪವನ್ನು ಒಬ್ಬನ ತಲೆಗೆ ಕಟ್ಟಿ ಶುದ್ಧವಾಗುವ ಈ ರೀತಿಯು ಯಾವ ದೇಶದವರಿಗೂ ಅಪರಿಚಿತವಲ್ಲ. ಶೋಯಾನ ತಾಯಿ ಮರುಮಾತಿಲ್ಲದೆ ಬ್ಯಾಂಕಿನಿಂದ 17 ಲಕ್ಷ ಯೆನ್ ಹಣ ತೆಗೆದು ಶೋಕೋಳ ತಾಯಿಗೆ ಕೊಟ್ಟು ಬರುತ್ತಾಳೆ. ಹಿಂದಿರುಗುವಾಗ ಆಕೆಯ ಕಿವಿಯಿಂದಲೂ ರಕ್ತ ಸುರಿಯುತ್ತಿರುತ್ತದೆ. ಹೇಗೆ ಗಾಯವಾಯಿತೆಂದು ಚಿತ್ರವು ಹೇಳುವುದಿಲ್ಲ. ತಾನು ಮಾಡಿದ ಗಾಯವು ತನ್ನ ಮನೆಗೇ ತಿರುಗಿ ಬಂದುದನ್ನು ಹುಡುಗನು ನೋಡುತ್ತಾನೆ; ಅಷ್ಟೇ ಸಾಕು.

ಇಲ್ಲಿಯವರೆಗಿನದು ತಪ್ಪು ಮತ್ತು ಶಿಕ್ಷೆಯ ಕಥೆ. ನಿಜವಾದ ನೈತಿಕ ಸಮಸ್ಯೆ ಆರಂಭವಾಗುವುದು ಇದಾದ ಐದು ವರ್ಷಗಳ ಅನಂತರ. ಶೋಕೋ ಬೇರೆ ಶಾಲೆಗೆ ಹೋಗಿದ್ದಾಳೆ. ಶೋಯಾ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದಾನೆ. ಅವನು ಯಾರ ಮುಖವನ್ನೂ ಕಣ್ಣೆತ್ತಿ ನೋಡಲಾರ. ಸುತ್ತಲಿನ ಪ್ರತಿಯೊಂದು ಮುಖದ ಮೇಲೂ ನೀಲಿ ಬಣ್ಣದ ಅಡ್ಡಗುರುತೊಂದು ಅಂಟಿಕೊಂಡಂತೆ ಚಿತ್ರವು ಈ ಸ್ಥಿತಿಯನ್ನು ತೋರಿಸುತ್ತದೆ. ಅವನು ಹೊರಗೆ ದುಡಿದು, ಇದ್ದಬದ್ದ ವಸ್ತುಗಳನ್ನು ಮಾರಿ, ತಾಯಿ ತೆತ್ತ ಹಣವನ್ನು ಕೂಡಿಸಿ, ಅವಳು ಮಲಗಿರುವಾಗ ಪಕ್ಕದಲ್ಲಿಡುತ್ತಾನೆ. ಶೋಕೋಳನ್ನು ಕಂಡು, ತಾನು ಕಾಪಾಡಿಟ್ಟ ಅವಳ ನೋಟುಪುಸ್ತಕವನ್ನು ಹಿಂದಿರುಗಿಸಿ, ಕ್ಷಮೆ ಕೇಳಿ, ಆಮೇಲೆ ತನ್ನ ಜೀವನವನ್ನೇ ಮುಗಿಸಬೇಕೆಂಬುದು ಅವನ ಸಂಕಲ್ಪ.

ಈ ಸಂಕಲ್ಪವನ್ನು ತುಸು ನಿಂತು ಪರೀಕ್ಷಿಸಬೇಕು. ಹೊರನೋಟಕ್ಕೆ ಇದು ಪಶ್ಚಾತ್ತಾಪದ ಪರಾಕಾಷ್ಠೆಯಂತೆ ಕಾಣುತ್ತದೆ. ಆದರೆ ಇದರ ಒಳಗಿರುವುದು ಒಂದು ಲೆಕ್ಕ. ಇಷ್ಟು ಹಣ ಕೊಡಬೇಕಾಗಿತ್ತು, ಕೊಟ್ಟಾಯಿತು. ಪುಸ್ತಕ ಹಿಂದಿರುಗಿಸಬೇಕಾಗಿತ್ತು, ಹಿಂದಿರುಗಿಸಿದ್ದಾಯಿತು. ಇನ್ನು ಉಳಿದಿರುವುದು ತಾನೊಬ್ಬ, ತನ್ನನ್ನೂ ಅಳಿಸಿಬಿಟ್ಟರೆ ಖಾತೆ ಮುಚ್ಚಿದಂತೆ. ಈ ಲೆಕ್ಕದಲ್ಲಿ ಶೋಕೋ ಎಂಬ ಜೀವಂತ ವ್ಯಕ್ತಿಗೆ ಸ್ಥಾನವೇ ಇಲ್ಲ. ಅವಳು ಸಾಲ ಕೊಟ್ಟವಳು ಮಾತ್ರ. ಅವಳಿಗೆ ಹೇಳುವುದು ಏನಾದರೂ ಇದೆಯೇ, ಅವಳಿಗೆ ಬೇಕಾದುದೇನು ಎಂದು ಶೋಯಾ ಕೇಳಿಯೇ ಇಲ್ಲ. ಬಾಲ್ಯದಲ್ಲಿ ಅವಳ ಮಾತಿಗೆ ಕಿವಿಗೊಡದವನು ಪಶ್ಚಾತ್ತಾಪದಲ್ಲಿಯೂ ಕಿವಿಗೊಡದೆ ಹೋಗುತ್ತಿದ್ದಾನೆ. ತನ್ನನ್ನು ತಾನೇ ದಂಡಿಸಿಕೊಳ್ಳುವವನು ನ್ಯಾಯಾಧೀಶನ ಪೀಠದಲ್ಲಿಯೂ ತಾನೇ ಕುಳಿತಿರುತ್ತಾನೆ ಎಂಬುದನ್ನು ಮರೆಯುವಂತಿಲ್ಲ. ಅಲ್ಲದೆ, ಸಾವು ಯಾವ ಋಣವನ್ನೂ ತೀರಿಸುವುದಿಲ್ಲ. ಉಳಿದವರ ಮೇಲೆ ಇನ್ನೊಂದು ಹೊಸ ಋಣವನ್ನು ಹೇರುತ್ತದೆ.

ಚಿತ್ರವು ಈ ಲೆಕ್ಕವನ್ನು ಬಹುಬೇಗ ಕೆಡಿಸಿಹಾಕುತ್ತದೆ. ಸಂಜ್ಞಾಭಾಷೆ ಕಲಿಯುವವರ ಕೂಟದ ಬಳಿ ಶೋಕೋ ಎದುರಾದಾಗ ಶೋಯಾನ ಕೈಗಳು, ಅವನ ಮನಸ್ಸು ಮೊದಲೇ ಗೊತ್ತುಮಾಡಿಕೊಂಡ ವಾಕ್ಯವನ್ನು ಬಿಟ್ಟು, ಬೇರೊಂದನ್ನು ನುಡಿಯುತ್ತವೆ. ಅವನು ಅವಳಿಗಾಗಿ ಸಂಜ್ಞಾಭಾಷೆಯನ್ನು ಕಲಿತಿದ್ದಾನೆ. ಅಂದು ಅವಳು ಹೆಣೆದ ಕೈಗಳಿಂದ ಕೇಳಿದುದನ್ನೇ ಇಂದು ಅವನು ಕೇಳುತ್ತಾನೆ: ಸ್ನೇಹಿತರಾಗಬಹುದೇ? ಕೇಳಿದೊಡನೆ ತನ್ನ ಧಾರ್ಷ್ಟ್ಯಕ್ಕೆ ತಾನೇ ಬೆಚ್ಚುತ್ತಾನೆ. ಇತ್ತ ಮನೆಯಲ್ಲಿ ತಾಯಿ ಮಗನ ಗುಟ್ಟನ್ನು ಅರಿತು, ಸಾಯುವ ಯೋಚನೆ ಬಿಡುವೆನೆಂದು ಮಾತು ಕೊಡದಿದ್ದರೆ ಹಣವನ್ನೇ ಸುಡುವೆನೆಂದು ಬೆದರಿಸುತ್ತಾಳೆ. ಅವನು ಮಾತು ಕೊಡುತ್ತಾನೆ. ಆದರೆ ಆ ಗದ್ದಲದಲ್ಲಿ ನೋಟುಗಳು ನಿಜಕ್ಕೂ ಸುಟ್ಟುಹೋಗುತ್ತವೆ. ನಗೆ ತರಿಸುವ ಈ ಪ್ರಸಂಗದಲ್ಲಿ ಒಂದು ತತ್ತ್ವ ಅಡಗಿದೆ. ಋಣವನ್ನು ತೀರಿಸಲು ಕೂಡಿಟ್ಟ ಹಣ ಬೂದಿಯಾಯಿತು, ತೀರಿಸಬೇಕಾದವನು ಉಳಿದುಕೊಂಡ. ತಾಯಿಗೆ ಬೇಕಾಗಿದ್ದವನು ಅವನೇ.

ಅಲ್ಲಿಂದ ಮುಂದೆ ಶೋಯಾ ಮತ್ತು ಶೋಕೋ ಸೇತುವೆಯ ಮೇಲೆ ನಿಂತು ಮೀನುಗಳಿಗೆ ಬ್ರೆಡ್ಡಿನ ಚೂರುಗಳನ್ನು ಹಾಕುತ್ತ ಮಾತನಾಡುತ್ತಾರೆ. ಇಬ್ಬರ ನಡುವೆ ಪ್ರೀತಿ ಮೊಳೆಯುತ್ತದೆ, ಆದರೆ ಇಬ್ಬರೂ ಅದನ್ನು ಮರೆಮಾಡುತ್ತಾರೆ. ಶೋಯಾನ ಕಾರಣ ಸ್ಪಷ್ಟ: ಹಾಗೆ ಬಯಸಲು ತಾನು ಅಯೋಗ್ಯನೆಂಬ ಭಾವ. ಅವಳೊಡನೆ ನಕ್ಕ ಪ್ರತಿ ಗಳಿಗೆಯೂ ತನಗೆ ಸಲ್ಲದುದನ್ನು ಕದ್ದಂತೆ ಅವನಿಗೆ ತೋರುತ್ತದೆ. ಆದುದರಿಂದ ಅವನು ತನ್ನ ಒಲವನ್ನು ಸೇವೆಯ ವೇಷದಲ್ಲಿ ಅಡಗಿಸುತ್ತಾನೆ. ಅವಳು ಕಳೆದುಕೊಂಡ ಹಳೆಯ ಸಹಪಾಠಿಗಳನ್ನು ಹುಡುಕಿ ತಂದು ಕೊಡುವುದು, ಅವಳ ಬಾಲ್ಯವನ್ನು ಸರಿಪಡಿಸಿಕೊಡುವುದು, ಇದೇ ತನ್ನ ಕೆಲಸವೆಂದು ಭಾವಿಸುತ್ತಾನೆ.

ಶೋಕೋ ಒಂದು ಸಂಜೆ ತನ್ನ ಮೌನವನ್ನು ಮುರಿಯಲು ಯತ್ನಿಸುತ್ತಾಳೆ. ಕಾಣಿಕೆಯೊಂದನ್ನು ಅವನ ಕೈಗಿತ್ತು, ಸನ್ನೆಯನ್ನು ಬಿಟ್ಟು, ತನ್ನ ತೊದಲು ದನಿಯಲ್ಲಿಯೇ 'ಸುಕಿ' ಎನ್ನುತ್ತಾಳೆ. ಜಪಾನೀ ನುಡಿಯಲ್ಲಿ ಅದು ಪ್ರೀತಿಯನ್ನು ತಿಳಿಸುವ ಮಾತು. ಶೋಯಾನಿಗೆ ಅದು 'ತ್ಸುಕಿ' ಎಂದು ಕೇಳಿಸುತ್ತದೆ, ಎಂದರೆ ಚಂದ್ರ. ಅವನು ಆಕಾಶದತ್ತ ನೋಡಿ, ಹೌದು, ಚಂದ್ರ ಚೆಲುವಾಗಿದ್ದಾನೆ ಎನ್ನುತ್ತಾನೆ. ಅವಳು ಓಡಿಹೋಗುತ್ತಾಳೆ. ಕಿವಿ ಕೇಳದವಳು ಮಾತನಾಡಿದಳು, ಕಿವಿ ಕೇಳುವವನಿಗೆ ಅದು ಕೇಳಿಸಲಿಲ್ಲ. ತನ್ನನ್ನು ಯಾರೂ ಪ್ರೀತಿಸಲಾರರೆಂದು ತೀರ್ಮಾನಿಸಿಕೊಂಡವನಿಗೆ ಪ್ರೀತಿಯ ಮಾತು ಎಷ್ಟು ಸ್ಪಷ್ಟವಾಗಿದ್ದರೂ ಬೇರೊಂದಾಗಿಯೇ ಕೇಳಿಸುತ್ತದೆ. ಆತ್ಮನಿಂದೆಯೂ ಒಂದು ಬಗೆಯ ಕಿವುಡು ಎಂಬುದನ್ನು ಈ ಸಣ್ಣ ಪ್ರಸಂಗವು ತೋರಿಸಿಕೊಡುತ್ತದೆ.

ಶೋಕೋಳ ಮರೆ ಇನ್ನೂ ಆಳವಾದುದು. ಬಾಲ್ಯದಿಂದಲೂ ಅವಳು ನಗುತ್ತಾಳೆ, ಕ್ಷಮೆ ಕೇಳುತ್ತಾಳೆ. ತನ್ನನ್ನು ಹೊಡೆದವರ ಕ್ಷಮೆಯನ್ನೂ ಕೇಳುತ್ತಾಳೆ. ಶಾಲೆಯಲ್ಲಿ ಶೋಯಾನ ಮೇಜಿನ ಮೇಲೆ ಇತರರು ಬೈಗುಳಗಳನ್ನು ಬರೆಯುತ್ತಿದ್ದಾಗ ಅದನ್ನು ದಿನವೂ ಒರೆಸಿಡುತ್ತಿದ್ದವಳು ಅವಳೇ. ಅವಳು ಶಾಲೆ ಬಿಟ್ಟು ಹೋದ ಮೇಲೆಯೇ ಅವನಿಗೆ ಅದು ಅರಿವಾಯಿತು. ಇದನ್ನೆಲ್ಲ ಕಂಡು ಅವಳನ್ನು ಕ್ಷಮಾಮೂರ್ತಿಯೆಂದು ಹೊಗಳಿ ಮುಗಿಸುವುದು ಸುಲಭ. ಆದರೆ ಚಿತ್ರವು ಅಷ್ಟಕ್ಕೆ ನಿಲ್ಲುವುದಿಲ್ಲ. ಆ ನಗೆಯ ಹಿಂದೆ ತನ್ನ ಅಸ್ತಿತ್ವವೇ ಸುತ್ತಲಿನವರಿಗೆ ಹೊರೆಯೆಂಬ ನಂಬಿಕೆಯಿದೆ. ತನ್ನಿಂದಾಗಿ ತರಗತಿ ಒಡೆಯಿತು, ತನ್ನಿಂದಾಗಿ ಶೋಯಾನ ಬಾಳು ಹಾಳಾಯಿತು, ತನ್ನ ಜೊತೆಗಿದ್ದರೆ ಅವನಿಗೆ ದುಃಖವೇ ಗತಿ ಎಂದು ಅವಳು ತಿಳಿದಿದ್ದಾಳೆ. ಅವಳ ತಂಗಿ ಯೂಜುರು ಸತ್ತ ಪ್ರಾಣಿಗಳ ಚಿತ್ರಗಳನ್ನು ತೆಗೆದು ಮನೆಯ ಗೋಡೆಗೆ ಅಂಟಿಸುತ್ತಾಳೆ; ಅಕ್ಕನಿಗೆ ಸಾವಿನ ಮೇಲೆ ಹೇಸಿಗೆ ಬರಲಿ ಎಂಬುದು ಆ ಬಾಲೆಯ ಆಸೆ. ಅಕ್ಕನ ನಗೆಯನ್ನು ಮನೆಯಲ್ಲಿ ಸರಿಯಾಗಿ ಓದಿದವಳು ಅವಳೊಬ್ಬಳೇ.

ನಿಜವಾದ ಕ್ಷಮೆಗೂ ನೋವನ್ನು ನುಂಗಿಕೊಳ್ಳುವುದಕ್ಕೂ ಇರುವ ಭೇದವನ್ನು ಇಲ್ಲಿ ಗುರುತಿಸಬೇಕು. ಕ್ಷಮಿಸುವವನು ನಡೆದುದನ್ನು ತಪ್ಪೆಂದೇ ಕರೆಯುತ್ತಾನೆ. ಕರೆದೂ ವೈರವನ್ನು ಬಿಡುತ್ತಾನೆ. ನೋವನ್ನು ನುಂಗುವವನು ತಪ್ಪನ್ನೇ ತನ್ನ ಹೆಗಲಿಗೆ ಏರಿಸಿಕೊಳ್ಳುತ್ತಾನೆ. ಮೊದಲನೆಯದು ಬಲದಿಂದ ಹುಟ್ಟಿದುದು, ಎರಡನೆಯದು ಭಯದಿಂದ. ಮೊದಲನೆಯದು ತಪ್ಪಿತಸ್ಥನಿಗೆ ತಿದ್ದಿಕೊಳ್ಳುವ ದಾರಿಯನ್ನು ತೆರೆಯುತ್ತದೆ. ಎರಡನೆಯದು ಅದನ್ನು ಮುಚ್ಚುತ್ತದೆ, ಏಕೆಂದರೆ ಗಾಯವನ್ನೇ ತೋರಿಸದವರಿಗೆ ಮುಲಾಮು ಹಚ್ಚುವುದು ಹೇಗೆ? ಚಿತ್ರದಲ್ಲಿ ನಾವೋಕಾ ಉಯೆನೋ ಎಂಬ ಹುಡುಗಿ ಶೋಕೋಳನ್ನು ಬಹಿರಂಗವಾಗಿಯೇ ದ್ವೇಷಿಸುತ್ತಾಳೆ. ಅವಳ ನಡತೆ ಕ್ರೂರವಾದುದು, ಅದಕ್ಕೆ ಸಮರ್ಥನೆಯಿಲ್ಲ. ಆದರೆ ಅವಳ ಒಂದು ಆಕ್ಷೇಪವನ್ನು ತಳ್ಳಿಹಾಕಲಾಗುವುದಿಲ್ಲ: ಶೋಕೋ ಎಂದೂ ತನ್ನ ಮನಸ್ಸನ್ನು ಬಿಚ್ಚಿ ಎದುರಿಗೆ ನಿಲ್ಲಲಿಲ್ಲ ಎಂಬುದು. ಕಠೋರವಾದ ಬಾಯಿಂದ ಬಂದಿತೆಂಬ ಕಾರಣಕ್ಕೆ ಸತ್ಯವು ಸುಳ್ಳಾಗುವುದಿಲ್ಲ.

ಹೀಗೆ ಇಬ್ಬರೂ ಪರಸ್ಪರರ ಹಿತಕ್ಕಾಗಿ ಎಂದುಕೊಂಡೇ ತಮ್ಮನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಆ ಹಿತಚಿಂತನೆಯ ಪರಿಣಾಮವಾದರೂ ಏನು? ಬೇಸಿಗೆಯ ಬಾಣಬಿರುಸುಗಳ ಹಬ್ಬದ ರಾತ್ರಿ ಶೋಕೋ ಬೇಗನೆ ಮನೆಗೆ ಹಿಂದಿರುಗುತ್ತಾಳೆ. ಅವಳ ತಂಗಿಯ ಕ್ಯಾಮರಾ ತರಲೆಂದು ಹೋದ ಶೋಯಾ, ಅವಳು ಮನೆಯ ಮೊಗಸಾಲೆಯ ಕಟ್ಟೆಯ ಅಂಚಿನಿಂದ ಪ್ರಾಣ ಬಿಡಲು ಹೊರಟುದನ್ನು ಕಾಣುತ್ತಾನೆ. ಧಾವಿಸಿ ಅವಳ ಕೈಹಿಡಿದು ಮೇಲಕ್ಕೆ ಎಳೆಯುತ್ತಾನೆ. ಅವಳು ಉಳಿಯುತ್ತಾಳೆ, ಅವನು ಕೆಳಗಿನ ನೀರಿಗೆ ಬೀಳುತ್ತಾನೆ. ಅವಳು ಈ ನಿರ್ಧಾರವನ್ನು ಏಕೆ ಮಾಡಿದಳು? ಅವನನ್ನು ದುಃಖದಿಂದ ಪಾರುಮಾಡಲು. ಅವನು ಹಿಂದೆ ಇದೇ ನಿರ್ಧಾರವನ್ನು ಮಾಡಿದ್ದೇಕೆ? ತಾನಿಲ್ಲದಿದ್ದರೆ ಇತರರಿಗೆ ನೆಮ್ಮದಿಯೆಂದು. ಇಬ್ಬರೂ ಒಂದೇ ತಪ್ಪು ಲೆಕ್ಕವನ್ನು ಬೇರೆ ಬೇರೆಯಾಗಿ ಕುಳಿತು ಮಾಡಿದ್ದರು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಒಮ್ಮೆ ನೋಡಿದ್ದರೂ ಸಾಕಾಗಿತ್ತು, ತಪ್ಪು ಕಂಡುಬರುತ್ತಿತ್ತು. ಪ್ರೀತಿಯನ್ನು ಮರೆಮಾಡುವುದರಿಂದ ಆಗುವ ಹಾನಿ ಇದು: ತಾನು ಬೇಡವಾದವನೆಂಬ ಸುಳ್ಳನ್ನು ಸುಳ್ಳೆಂದು ಹೇಳಬಲ್ಲ ಏಕೈಕ ಸಾಕ್ಷಿಯು ಮೌನವಾಗಿ ಉಳಿಯುತ್ತದೆ.

ಶೋಯಾ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿರುವಾಗ ಶೋಕೋ ಮೊದಲ ಬಾರಿಗೆ ನಗುವುದನ್ನು ಬಿಟ್ಟು ಕೆಲಸಕ್ಕೆ ತೊಡಗುತ್ತಾಳೆ. ಚದುರಿಹೋದ ಅವನ ಸ್ನೇಹಿತರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತನಾಡುತ್ತಾಳೆ. ಅವಳ ತಾಯಿ, ಹಿಂದೆ ಹಣ ಪಡೆದವಳು, ಈಗ ಶೋಯಾನ ತಾಯಿಯ ಮುಂದೆ ತಲೆಬಾಗಿ ಕ್ಷಮೆ ಬೇಡುತ್ತಾಳೆ. ಋಣ ಕೊಟ್ಟವರು ಯಾರು, ತೀರಿಸಬೇಕಾದವರು ಯಾರು ಎಂಬುದೇ ತಲೆಕೆಳಗಾಗುತ್ತದೆ. ಕೊನೆಗೆ ಒಂದು ರಾತ್ರಿ ಶೋಯಾ ಎಚ್ಚೆತ್ತು, ಆಸ್ಪತ್ರೆಯ ಉಡುಪಿನಲ್ಲಿಯೇ ಆ ಸೇತುವೆಗೆ ನಡೆದು ಬರುತ್ತಾನೆ. ಅಲ್ಲಿ ಶೋಕೋ ಅಳುತ್ತ ಕುಳಿತಿದ್ದಾಳೆ. ಬಾಲ್ಯದ ತಪ್ಪಿಗಾಗಿ ಅವನು ಸರಿಯಾಗಿ ಕ್ಷಮೆ ಕೇಳುತ್ತಾನೆ. ತಾನೂ ಸಾಯಬೇಕೆಂದು ಯೋಚಿಸಿದ್ದುದನ್ನು ಒಪ್ಪಿಕೊಳ್ಳುತ್ತಾನೆ. ಅನಂತರ, ತಾನು ಬದುಕುವುದಕ್ಕೆ ಅವಳು ನೆರವಾಗಬೇಕೆಂದು ಬೇಡುತ್ತಾನೆ.

ಚಿತ್ರದ ಸಾರವೆಲ್ಲ ಈ ಬೇಡಿಕೆಯಲ್ಲಿದೆ. ಇದು ಪ್ರೇಮನಿವೇದನೆಯಲ್ಲ, ಪ್ರೇಮದ ಮಾತನ್ನು ಚಿತ್ರವು ಶೋಯಾನ ಬಾಯಿಂದ ಕೊನೆಯವರೆಗೂ ಹೇಳಿಸುವುದಿಲ್ಲ. ಇದು ಅದಕ್ಕಿಂತ ಕಷ್ಟವಾದ ಮಾತು. ಕೊಡುವವನಾಗಿ ನಿಲ್ಲುವುದು ಸುಲಭ. ಕ್ಷಮೆ ಬೇಡಿ ತಲೆತಗ್ಗಿಸುವುದೂ ಅಷ್ಟೇನೂ ಕಠಿಣವಲ್ಲ, ಏಕೆಂದರೆ ಅದರಲ್ಲಿ ತನ್ನ ಸಜ್ಜನಿಕೆಯ ತೃಪ್ತಿ ಇಣುಕಿ ನೋಡುತ್ತಿರುತ್ತದೆ. ಆದರೆ ತನಗೆ ಇನ್ನೊಬ್ಬರ ಅಗತ್ಯವಿದೆ, ಅವರಿಲ್ಲದೆ ತನ್ನ ಕಾಲು ತಡವರಿಸುತ್ತದೆ ಎಂದು ಒಪ್ಪಿಕೊಳ್ಳುವಾಗ ಮಾನವೆಂಬುದರ ಕೊನೆಯ ಬೇರೂ ಕಿತ್ತುಬರುತ್ತದೆ. ಆ ಗಳಿಗೆಯಲ್ಲಿ ಶೋಯಾ ಉಪಕಾರಿಯಾಗಿ ಉಳಿಯುವುದಿಲ್ಲ, ಅಪರಾಧಿಯಾಗಿಯೂ ಉಳಿಯುವುದಿಲ್ಲ. ಶೋಕೋಳೂ ಹೊರೆಯಾಗಿ ಉಳಿಯುವುದಿಲ್ಲ. ಯಾರಿಗೂ ಬೇಡವೆಂದುಕೊಂಡಿದ್ದವಳಿಗೆ ಅವನು ಹಣವನ್ನೂ ಸೇವೆಯನ್ನೂ ಕೊಡದೆ, ಬೇಕಾಗಿರುವ ಭಾಗ್ಯವನ್ನು ಕೊಟ್ಟಿದ್ದಾನೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವುದು ಪ್ರಾಮಾಣಿಕವಾಗದು. ಹಿಂಸೆಗೆ ಒಳಗಾದವಳೇ ಹಿಂಸಿಸಿದವನ ಬದುಕಿಗೆ ಆಸರೆಯಾಗಬೇಕೆಂದು ಕೇಳುವುದು ನ್ಯಾಯವೇ? ನೊಂದವರ ಮೇಲೆ ಕ್ಷಮೆಯ ಕರ್ತವ್ಯವನ್ನೂ ಹೇರಿದರೆ ಅದು ಎರಡನೆಯ ಅನ್ಯಾಯವಾಗದೇ? ಈ ಆಕ್ಷೇಪದಲ್ಲಿ ಹುರುಳಿದೆ. ಕ್ಷಮೆ ಬೇಡುವ ಹಕ್ಕು ತಪ್ಪಿತಸ್ಥನಿಗೆ ಇರಬಹುದು, ಪಡೆಯುವ ಹಕ್ಕು ಖಂಡಿತ ಇಲ್ಲ. ಶೋಕೋ ಅವನ ಮುಖ ನೋಡಲಾರೆನೆಂದು ಹೊರಟುಹೋಗಿದ್ದರೆ ಅವಳ ಮೇಲೆ ಯಾವ ದೋಷವೂ ಇರುತ್ತಿರಲಿಲ್ಲ. ಎಷ್ಟೋ ಸಂದರ್ಭಗಳಲ್ಲಿ ನೊಂದವರು ದೂರ ಉಳಿಯುವುದೇ ಸರಿಯಾದ ದಾರಿ. ಅಂಥವರನ್ನು ಕ್ಷಮಿಸೆಂದು ಒತ್ತಾಯಿಸುವವರು ಸಮಾಧಾನದ ಹೆಸರಿನಲ್ಲಿ ಹಳೆಯ ಗಾಯವನ್ನು ಕೆದಕುತ್ತಾರೆ.

ಆದರೆ ಚಿತ್ರದ ಸನ್ನಿವೇಶವನ್ನು ಸೂಕ್ಷ್ಮವಾಗಿ ನೋಡಿದರೆ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಸೇತುವೆಯ ಮೇಲಿನ ಬೇಡಿಕೆಯು ಐದು ವರ್ಷಗಳ ಬಳಿಕ, ಅವಳ ಭಾಷೆಯನ್ನು ಕಲಿತ ಮೇಲೆ, ಅವಳ ಪ್ರಾಣ ಉಳಿಸಿದ ಮೇಲೆ ಬಂದುದು. ಅವಳ ಭಾಷೆಯನ್ನು ಕಲಿಯುವುದೆಂದರೆ ಅವಳಿಂದ ಇಲ್ಲವೆನ್ನಿಸಿಕೊಳ್ಳಲೂ ಸಿದ್ಧನಾಗುವುದು. ಅವಳ ನಿರಾಕರಣೆ ಅರ್ಥವಾಗದವನಿಗೆ ಅವಳ ಸಮ್ಮತಿಯೂ ಅರ್ಥವಾಗದು. ಎರಡನೆಯದು, ಅವನು ಕ್ಷಮೆಯನ್ನು ಕೇಳಿದುದು ಬೇರೆ, ನೆರವನ್ನು ಕೇಳಿದುದು ಬೇರೆ. ಒಂದನ್ನು ಇನ್ನೊಂದಕ್ಕೆ ಬೆಲೆಯಾಗಿ ಒಡ್ಡಲಿಲ್ಲ. ಬೇಡಿಕೆಯನ್ನು ಅವಳ ಮುಂದಿಟ್ಟು, ಉತ್ತರವನ್ನು ಅವಳಿಗೇ ಬಿಟ್ಟನು. ಬಾಲ್ಯದಲ್ಲಿ ಅವಳಿಂದ ಕಿತ್ತುಕೊಂಡಿದ್ದುದು ಶ್ರವಣ ಸಾಧನವನ್ನು ಮಾತ್ರವಲ್ಲ, ಉತ್ತರ ಕೊಡುವ ಅವಕಾಶವನ್ನೂ. ಅಂದು ಕಿತ್ತುಕೊಂಡುದನ್ನು ಆ ರಾತ್ರಿ ನಿಜವಾಗಿ ಹಿಂದಿರುಗಿಸಿದನು.

ಪರಸ್ಪರ ಮುನಿದು ದೂರವಾದವರ ಕಥೆಗಳು ಪ್ರತಿಯೊಂದು ಕುಟುಂಬದಲ್ಲಿಯೂ ಇರುತ್ತವೆ. ಆಸ್ತಿಯ ಜಗಳದಲ್ಲಿ ಬೇರೆಯಾದ ಅಣ್ಣತಮ್ಮಂದಿರು, ಒಂದು ಕಟುಮಾತಿಗೆ ತವರಿನ ಹಾದಿ ಮರೆತ ಮಗಳು, ಹಳೆಯ ಅವಮಾನವನ್ನು ನೆನೆದು ಎದುರಿಗೆ ಬಂದಾಗ ಬೀದಿ ದಾಟುವ ಗೆಳೆಯರು. ಇವರಲ್ಲಿ ಅನೇಕರು ದ್ವೇಷದಿಂದ ದೂರವಿರುವುದಿಲ್ಲ. ಮೊದಲು ಮಾತನಾಡಿಸಿದರೆ ತಾವು ಎಷ್ಟು ನೊಂದಿದ್ದೇವೆಂದು, ಎಷ್ಟು ಹಂಬಲಿಸಿದ್ದೇವೆಂದು ಬಯಲಾಗುವುದಲ್ಲ ಎಂಬ ಅಂಜಿಕೆಯಿಂದ ದೂರವಿರುತ್ತಾರೆ. ಹಣ ಕಳುಹಿಸುತ್ತಾರೆ, ಮೂರನೆಯವರ ಮೂಲಕ ಕ್ಷೇಮ ವಿಚಾರಿಸುತ್ತಾರೆ, ಮದುವೆ ಮುಂಜಿಗಳಲ್ಲಿ ಮರ್ಯಾದೆಯ ನಗೆ ಬೀರುತ್ತಾರೆ. ಆದರೆ ನೀನು ನನಗೆ ಬೇಕು ಎಂಬ ಮಾತೊಂದನ್ನು ಉಳಿಸಿಕೊಳ್ಳುತ್ತಾರೆ. ಆ ಮಾತು ಉಳಿದುಹೋದರೆ ಮಿಕ್ಕೆಲ್ಲ ಸಂದಾಯವೂ ಬಡ್ಡಿಯಷ್ಟೇ. ಅಸಲು ಹಾಗೆಯೇ ಉಳಿಯುತ್ತದೆ.

ಚಿತ್ರದ ಕೊನೆಯಲ್ಲಿ ಶೋಯಾ ಶಾಲೆಯ ಉತ್ಸವದ ಜನಸಂದಣಿಯ ನಡುವೆ ನಿಂತಿರುತ್ತಾನೆ. ಕಿವಿಗೆ ಒತ್ತಿಕೊಂಡ ಕೈಗಳನ್ನು ತೆಗೆದು, ತಲೆಯೆತ್ತಿ ನೋಡುತ್ತಾನೆ. ಎಲ್ಲರ ಮುಖದ ಮೇಲಿನ ನೀಲಿ ಅಡ್ಡಗುರುತುಗಳೂ ಕಳಚಿ ನೆಲಕ್ಕೆ ಉದುರುತ್ತವೆ. ಆ ಗುರುತುಗಳನ್ನು ಅಲ್ಲಿ ಅಂಟಿಸಿದವರು ಆ ಜನರಲ್ಲ, ಅವನೇ. ಅವು ಉದುರಿದ ಮೇಲೆ ಅವನಿಗೆ ಮೊದಲು ಕೇಳಿಸುವುದು ಸುತ್ತಲಿನವರ ಸಾಮಾನ್ಯವಾದ ಮಾತುಕತೆ, ಕಾಣಿಸುವುದು ಸಾಮಾನ್ಯವಾದ ಮುಖಗಳು. ಅವನು ಅಳುತ್ತಾನೆ. ಶೋಕೋ ಅವನ ಪಕ್ಕದಲ್ಲಿಯೇ ಇದ್ದಾಳೆ.